ಗಾಡಿ ನಿಂತ ಮ್ಯಾಲ ಒಲಿ

ಜಾಲಹಳ್ಳಿಯಲ್ಲಿ ಯಾರ ಮನೆ ಮುಂದೆ ಹೊಸ ಗಾಡಿ ಬಂದು ನಿಂತರೂ ಅದರ ವಿಚಾರಣೆ ಊರಿನವರ ಹಕ್ಕು. ಟ್ರ್ಯಾಕ್ಟರ್ ಬಂದರೆ "ಯಾವ ಬ್ಯಾಂಕಿಂದು?", ಕಾರು ಬಂದರೆ "ಹತ್ತಿ ಎಷ್ಟಕ್ಕ ಹೋತು?" ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ನಮ್ಮ ಗೋಡೆಯಾಚೆ ಮಾಮಾನ ಮನೆ ಮುಂದೆ ನಿಂತ ಹಳೇ ಟೆಂಪೋ ಟ್ರಾವೆಲರ್ ಮಾತ್ರ ಅಷ್ಟಕ್ಕೆ ಬಗ್ಗಲಿಲ್ಲ. ಸೀಟು ಕಿತ್ತು ಹೊರಗೆ ಒಗೆದರು. ಒಳಗೆ ಪ್ಲೈವುಡ್ ಬಡಿಯುವ ಸದ್ದು ಶುರುವಾಯಿತು. ಕಿಟಕಿಗೆ ಹೂವಿನ ಪರದೆ ಬಂತು. ಓಟಿನ ಪ್ರಚಾರದ ಗಾಡಿ ಎಂದರು ಕೆಲವರು, ಹಲ್ಲಿನ ಡಾಕ್ಟರರ ಗಾಡಿ ಎಂದರು ಇನ್ನು ಕೆಲವರು. ದೇವದುರ್ಗದ ಕಡೆಯಿಂದ ಬಂದವನೊಬ್ಬ ಒಳಗೆ ಇಣುಕಿ, ಐಸ್‌ಕ್ರೀಮ್ ಗಾಡಿ ಎಂದು ತೀರ್ಪು ಕೊಟ್ಟು ಬಸ್ಸು ಹತ್ತಿದ.

"ಮಗಾ ಮನಿ ಕಟ್ಟಾಕತ್ತಾನ್ರೀ ಮಾಸ್ತರ್ರ," ಎಂದರು ಮಾಮಾ, ಗೋಡೆಯ ಮೇಲೆ ಮೊಣಕೈ ಊರಿ.

"ಎಲ್ಲಿ, ರಾಯಚೂರಾಗೇನು?"

"ಇದರಾಗ್ರೀ, ಈ ಗಾಡ್ಯಾಗ. ಮಲಗಾಕ ಮಂಚ, ಬಟ್ಟಿ ಇಡಾಕ ಕಪಾಟ, ನೀರಿನ ಟಾಕಿ, ಮತ್ತ ಅಡಗಿ ಮಾಡಾಕ ಗ್ಯಾಸು. ಮಂತ್ರಾಲಯ, ಶ್ರೀಶೈಲ, ತಿರುಪತಿ, ರಾಮೇಶ್ವರ ಎಲ್ಲಾ ಒಂದ ಸುತ್ತಿನ್ಯಾಗ. ಲಾಡ್ಜಿನ ಖರ್ಚಿಲ್ಲ, ಹೋಟ್ಲಿನ ಖರ್ಚಿಲ್ಲ ಅಂತಾನ."

ಮಾಮಾನಿಗೂ ನನಗೂ ನಡುವೆ ಇರುವುದು ಎದೆಮಟ್ಟದ ಕಲ್ಲಿನ ಗೋಡೆ. ಈ ಕಡೆಯಿಂದ ಪೇಪರ್ ಆ ಕಡೆ ಹೋಗುತ್ತದೆ, ಆ ಕಡೆಯಿಂದ ಮಜ್ಜಿಗೆ ಈ ಕಡೆ ಬರುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನಾದ್ದರಿಂದ ಸಿಡಿಲು, ಗ್ರಹಣ, ಕರೆಂಟು, ಭೂಕಂಪ ಇವಕ್ಕೆಲ್ಲ ಗೋಡೆಯಾಚೆಯವರಿಗೆ ನಾನೇ ಜವಾಬುದಾರ. ಈಗ ಗ್ಯಾಸೂ ಆ ಪಟ್ಟಿಗೆ ಸೇರಿತು.

"ಖರ್ಚಿನ ಮಾತ ಬಿಡ್ರಿ," ಅತ್ತಿ ಒಳಗಿನಿಂದಲೇ ಕೂಗಿದರು. "ಸಿಲಿಂಡರ್ ಮಗ್ಗಲದಾಗ ಇಟ್ಕೊಂಡು ಮಲಗಬೇಕಂತ! ನಡುರಾತ್ರ್ಯಾಗ ಅದು ಢಂ ಅಂದ್ರ ರಾಮೇಶ್ವರ ಎಲ್ಲಿ ಬಂತು, ಸೀದಾ ಕೈಲಾಸ."

ಅತ್ತಿಯ ಅಂಜಿಕೆಯೇ ಊರಿನ ಅಂಜಿಕೆ: ಸಿಲಿಂಡರ್ ತನ್ನಷ್ಟಕ್ಕೆ ತಾನೇ ಸಿಡಿಯುತ್ತದೆ ಎಂಬುದು. ಪೇಪರಿನವರೂ 'ಸಿಲಿಂಡರ್ ಸ್ಫೋಟ' ಎಂದೇ ದಪ್ಪಕ್ಷರದಲ್ಲಿ ಹಾಕುತ್ತಾರೆ. ಆದರೆ ಆ ಕೆಂಪು ಸಿಲಿಂಡರ್ ಅಷ್ಟು ಸುಲಭಕ್ಕೆ ಒಡೆಯುವ ಜಾತಿಯದಲ್ಲ. ಒಳಗಿನ 14.2 ಕಿಲೋ ಗ್ಯಾಸಿಗಿಂತ ಹೊರಗಿನ ಉಕ್ಕಿನ ತೂಕವೇ ಹೆಚ್ಚು. ಚದರ ಸೆಂಟಿಮೀಟರಿಗೆ 25 ಕಿಲೋ ಒತ್ತಡ ಕೊಟ್ಟು ಪರೀಕ್ಷೆ ಮಾಡಿರುತ್ತಾರೆ. ದ್ರವ ಹಿಗ್ಗಲಿ ಎಂದು ಮೇಲೆ ಜಾಗ ಬಿಟ್ಟೇ ತುಂಬಿರುತ್ತಾರೆ. ಸುತ್ತಲೂ ಬೆಂಕಿ ಬಿದ್ದು ಕಾದು ಕೆಂಡವಾದಾಗ ಸಿಲಿಂಡರ್ ಸಿಡಿಯುವುದುಂಟು. ಆದರೆ ಆ ಬೆಂಕಿ ಮೊದಲು ಹತ್ತುವುದು ಹೊರಗೆ ಸೋರಿದ ಗ್ಯಾಸಿಗೆ. ಸಿಲಿಂಡರ್ ಸಿಡಿದು ಬೆಂಕಿ ಹತ್ತುವುದಕ್ಕಿಂತ ಬೆಂಕಿ ಹತ್ತಿ ಸಿಲಿಂಡರ್ ಸಿಡಿಯುವುದೇ ಹೆಚ್ಚು.

"ಪರೀಕ್ಷಾ ಮಾಡಿದ್ದು ನಮಗ ಹ್ಯಾಂಗ ಗೊತ್ತಾಗಬೇಕ್ರಿ?" ಮಾಮಾ ಕೇಳಿದರು.

ಹಿಡಿಕೆಯ ಕೆಳಗಿನ ಪಟ್ಟಿಗಳ ಒಳಮೈ ನೋಡಲು ಹೇಳಿದೆ. ಅಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ವರ್ಷದ ಎರಡು ಅಂಕಿ ಇರುತ್ತವೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈಯಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಆ ಅವಧಿಯೊಳಗೆ ಮತ್ತೆ ಪರೀಕ್ಷೆ ಆಗಬೇಕು. ಅವಧಿ ದಾಟಿದ ಸಿಲಿಂಡರ್ ಮನೆಗೆ ಬಂದರೆ ವಾಪಸು ಕಳಿಸಬೇಕು. ಮಾಮಾ ಕನ್ನಡಕ ಹುಡುಕಿ ತಂದು ಅಡಿಗೆ ಮನೆಗೆ ಹೋದರು. ಸಿಲಿಂಡರಿಗೂ ಜಾತಕ ಇದೆ ಎಂಬುದು ಅವರಿಗೆ ಬಹಳ ಹಿಡಿಸಿತು.

ಅಷ್ಟರಲ್ಲಿ ಮಗ ಗಾಡಿಯ ಒಳಗಿಂದ ತಲೆ ಹಾಕಿದ. ನನ್ನ ಕೈಯಲ್ಲೇ ಓದಿದ ಹುಡುಗ. "ಸೋರಿದ್ರೂ ಚಿಂತಿಲ್ರೀ ಸರ. ಎರಡೂ ಕಡಿ ಕಿಡಕಿ ಅದಾವ, ಹೊರಗ ಹೋಗತೈತಿ."

"ಕಿಡಕಿ ಎಷ್ಟೆತ್ತರದಾಗ ಅದಾವಪಾ?"

"ಎದಿಮಟ್ಟಕ್ಕರೀ."

"ಗ್ಯಾಸ್ ಎದಿಮಟ್ಟಕ್ಕ ಏರಂಗಿಲ್ಲಲ್ಲ."

ನಮ್ಮ ಅಡಿಗೆ ಗ್ಯಾಸು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡರ ಮಿಶ್ರಣ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯುಟೇನ್ ಎರಡು ಪಟ್ಟು. ಆದ್ದರಿಂದ ಸೋರಿದ ಗ್ಯಾಸು ಹೊಗೆಯ ಹಾಗೆ ಮೇಲೇರದೆ, ಉರುಳಿದ ಕೊಡದ ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ. ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಮನೆಯಲ್ಲಾದರೆ ಹೊಸ್ತಿಲು ದಾಟಿ, ಬಚ್ಚಲ ತೂಬು ಹಿಡಿದು ಎಲ್ಲಿಗಾದರೂ ಹೋದೀತು. ಈ ಗಾಡಿಗೆ ಕೆಳಗೆ ತಗಡು, ತಗಡಿನ ಮೇಲೆ ರಬ್ಬರ್ ಮ್ಯಾಟು, ಮೂರು ಮಗ್ಗಲು ಗೋಡೆ. ಗ್ಯಾಸು ಹೋಗಿ ನಿಲ್ಲುವ ತಗ್ಗು ಎಂದರೆ ಮಂಚದ ಕೆಳಗಿನದೇ.

ಗೋಡೆಯ ಮೇಲೆ ಇದ್ದಿಲಿನಲ್ಲಿ ಲೆಕ್ಕ ಬರೆದು ತೋರಿಸಿದೆ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 250 ಲೀಟರ್ ಗ್ಯಾಸು. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಗ್ಯಾಸು ಸೇರಿದರೆ ಅದು ಹತ್ತಿಕೊಳ್ಳಲು ಸಿದ್ಧ. ಒಂಬತ್ತು ಪಾಲು ದಾಟಿದರೆ ಗಾಳಿ ಸಾಲದೆ ಹತ್ತಿಕೊಳ್ಳುವುದಿಲ್ಲ. ಗಾಡಿಯ ಒಳಗಿನ ಜಾಗ 12 ಘನ ಮೀಟರ್, ಅಂದರೆ 12,000 ಲೀಟರ್ ಎಂದು ಹಿಡಿಯೋಣ. ಅದರ ಎರಡು ಪಾಲು 240 ಲೀಟರ್. ಎಂದರೆ ಒಂದೇ ಒಂದು ಲೀಟರ್ ದ್ರವ, ತೂಕದಲ್ಲಿ ಅರ್ಧ ಕಿಲೋದ ಆಸುಪಾಸು, ಸೋರಿದರೆ ಇಡೀ ಗಾಡಿಗೆ ಸಾಕು. ಅದೂ ಎಲ್ಲ ಕಡೆ ಸಮನಾಗಿ ಹಂಚಿಕೊಂಡರೆ. ನೆಲದ ಮೇಲೇ ಉಳಿಯುವುದರಿಂದ ಮಂಚದ ಕೆಳಗೆ ಇನ್ನೂ ಕಡಿಮೆಯಲ್ಲೇ ಕೆಲಸ ಆಗುತ್ತದೆ. ಸಿಲಿಂಡರಿನಲ್ಲಿ ಇರುವುದು 14 ಕಿಲೋ.

ಮಗ ಲೆಕ್ಕವನ್ನು ಎರಡು ಸಲ ಓದಿದ. "ಆದ್ರ ವಾಸನಿ ಬರತೈತಲ್ರೀ ಸರ?"

ಬರುತ್ತದೆ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ನಮಗೆ ತಿಳಿಯಲಿ ಎಂದೇ ಈಥೈಲ್ ಮರ್‌ಕ್ಯಾಪ್ಟನ್ ಎಂಬ ನಾರುವ ವಸ್ತುವನ್ನು ಬೆರೆಸಿರುತ್ತಾರೆ. ಹತ್ತಿಕೊಳ್ಳುವ ಮಟ್ಟಕ್ಕೆ ಬರುವ ಬಹಳ ಮೊದಲೇ ಮೂಗಿಗೆ ಬಡಿಯಬೇಕು ಎಂಬುದು ಲೆಕ್ಕಾಚಾರ. ಆದರೆ ಮೂಗು ಎಚ್ಚರ ಇರುವವರದು. ಹಗಲೆಲ್ಲ ಗುಡಿ ಸುತ್ತಿ, ರಾತ್ರಿ ಪರದೆ ಎಳೆದು ಮಲಗಿದವನಿಗೆ ವಾಸನೆ ಬಂದು ಎಬ್ಬಿಸುತ್ತದೆ ಎಂದು ನಂಬುವಂತಿಲ್ಲ. ನೆಗಡಿ ಆದವನ ಮೂಗಂತೂ ಹಗಲಿನಲ್ಲೂ ರಜೆಯ ಮೇಲಿರುತ್ತದೆ.

ಇಲ್ಲಿಗೆ ಹರಟೆಯಿಂದ ನಗು ಸ್ವಲ್ಪ ಸರಿಯಿತು. ಯಾಕೆಂದರೆ ಅತ್ತಿಗೆ ಹುಬ್ಬಳ್ಳಿ ನೆನಪಾಯಿತು. 2024ರ ಡಿಸೆಂಬರ್ 22ರ ರಾತ್ರಿ ಹುಬ್ಬಳ್ಳಿಯ ಸಾಯಿನಗರದ ಕಡೆ ಗುಡಿಯ ಕೋಣೆಯೊಂದರಲ್ಲಿ ಅಯ್ಯಪ್ಪ ಮಾಲೆ ಹಾಕಿದವರು ಮಲಗಿದ್ದರು. ಅಡಿಗೆಯ ಸಿಲಿಂಡರ್ ಅಲ್ಲೇ ಇತ್ತು. ನಿದ್ದೆಯಲ್ಲಿದ್ದಾಗ ಗ್ಯಾಸು ಸೋರಿತು, ಉರಿಯುತ್ತಿದ್ದ ದೀಪಕ್ಕೆ ಮುಟ್ಟಿತು. ಒಂಬತ್ತು ಜನ ಸುಟ್ಟುಕೊಂಡರು. ಮುಂದಿನ ದಿನಗಳಲ್ಲಿ ಒಬ್ಬೊಬ್ಬರಾಗಿ ಎಂಟು ಜನ ತೀರಿಕೊಂಡರು. ಉಳಿದವನು ಒಬ್ಬ ಹುಡುಗ. ಅಲ್ಲಿ ಸಿಲಿಂಡರ್ ಎಲ್ಲರೂ ಅಂಜುವ ಹಾಗೆ ಢಂ ಎನ್ನಬೇಕಾಗಿಯೇ ಇರಲಿಲ್ಲ. ಮುಚ್ಚಿದ ಕೋಣೆ, ಮಲಗಿದ ಜನ, ನೆಲಕ್ಕೆ ಹರಿದ ಗ್ಯಾಸು, ಒಂದು ದೀಪ ಇಷ್ಟೇ ಸಾಕಾಯಿತು.

"ಗಾಡ್ಯಾಗ ನಾವು ದೀಪ ಹಚ್ಚಂಗಿಲ್ಲಲ್ರೀ," ಎಂದ ಮಗ.

"ಊದಿನಕಡ್ಡಿ?"

ಸುಮ್ಮನಾದ. ನಮ್ಮ ಕಡೆ ಯಾವ ಡ್ರೈವರ್ ಆಗಲಿ, ಬೆಳಿಗ್ಗೆ ಎದ್ದವನೇ ಗಾಡಿಯ ಬಾಗಿಲು ತೆಗೆದು, ಮುಂದಿನ ಪಟಕ್ಕೆ ಎರಡು ಊದಿನಕಡ್ಡಿ ಬೆಳಗಿ, ಸ್ಟೀರಿಂಗ್ ಮುಟ್ಟಿ ನಮಸ್ಕಾರ ಮಾಡಿಯೇ ಕೀಲಿ ತಿರುವುವುದು. ರಾತ್ರಿಯೆಲ್ಲ ಗ್ಯಾಸು ಸಣ್ಣಗೆ ಸೋರಿದ್ದರೆ, ಅದು ಹೆಚ್ಚು ತುಂಬಿಕೊಂಡಿರುವ ಹೊತ್ತು ಅದೇ, ಕಡ್ಡಿ ಗೀರುವ ಹೊತ್ತೂ ಅದೇ. ಕಡ್ಡಿ ಬಿಟ್ಟರೂ ಸೆಲ್ಫಿನ ಕಿಡಿ ಬಿಡುವುದಿಲ್ಲ. ಆದ್ದರಿಂದ ವಾಸನೆ ಬಂದಾಗ ಲೈಟು ಹಾಕಲೂ ಬಾರದು, ಉರಿಯುವ ಲೈಟು ಆರಿಸಲೂ ಬಾರದು. ಸ್ವಿಚ್ಚು ಎರಡೂ ಸಲ ಕಿಡಿ ಹಾರಿಸುತ್ತದೆ. ಗಾಡಿ ಚಾಲೂ ಮಾಡಬಾರದು, ಮೊಬೈಲು ಒಳಗೆ ಮುಟ್ಟಬಾರದು. ಕೈಗೆ ಸಿಕ್ಕರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲೆಲ್ಲ ತೆರೆದು, ಎಲ್ಲರೂ ಇಳಿದು ದೂರ ನಿಲ್ಲಬೇಕು. ಅಲ್ಲಿಂದ 1906ಕ್ಕೆ ಫೋನು ಮಾಡಬೇಕು. ಗ್ಯಾಸು ಸೋರಿದರೆ ಕರೆಯಲೆಂದೇ ಇಟ್ಟ ನಂಬರು ಅದು, ದೇಶದಲ್ಲಿ ಎಲ್ಲಿಂದಾದರೂ ಒಂದೇ.

"ರೈಲಿನ್ಯಾಗ ಒಯ್ಯಂಗಿಲ್ಲ ಅಂತಾರಲ್ರೀ?" ಮಾಮಾ ಸಿಲಿಂಡರಿನ ಜಾತಕ ಓದಿ ಮುಗಿಸಿ ಮತ್ತೆ ಗೋಡೆಗೆ ಬಂದಿದ್ದರು. "ಸಿ ಐತ್ರೀ ನಮ್ಮದು, ಇನ್ನೂ ದಿನ ಅದಾವ."

ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 67ನೇ ಕಲಂ ಬೇಡ ಎನ್ನುತ್ತದೆ. 164ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಷ್ಟಿದ್ದೂ 2023ರಲ್ಲಿ ಲಕ್ನೋದಿಂದ ತೀರ್ಥಯಾತ್ರೆಗೆ ಹೊರಟ ಖಾಸಗಿ ಪ್ರವಾಸಿ ಬೋಗಿಯೊಂದರಲ್ಲಿ ಸಿಲಿಂಡರ್ ಅಡಗಿ ಬಂದಿತ್ತು. ಬೋಗಿ ಆಗಸ್ಟ್ 26ರ ನಸುಕಿನಲ್ಲಿ ಮದುರೈಯಲ್ಲಿ ರೈಲಿನಿಂದ ಬೇರೆಯಾಗಿ ನಿಂತಿತ್ತು. ಅವರದೂ ಮಾಮಾನ ಮಗನದೇ ಯೋಚನೆ: ಊರೂರು ದೇವರ ದರ್ಶನ, ನಮ್ಮ ಕೈಯ ಅಡಿಗೆ. ಬೆಳಗಿನ ಚಹಾ-ಕಾಫಿಗೆ ಒಲೆ ಹೊತ್ತಿಸಿದರು. ಬೆಂಕಿ ಬೋಗಿಯನ್ನೇ ಹಿಡಿಯಿತು. ಒಂಬತ್ತು ಜನ ಹೋದರು. ನಿಂತ ಬೋಗಿ, ಪಕ್ಕದಲ್ಲೇ ನೆಲ. ನಾಲ್ಕು ಮೆಟ್ಟಿಲು ಇಳಿದಿದ್ದರೆ ಬಯಲು.

"ಬೆಂಕಿದು ತಿಳೀತ್ರೀ ಸರ," ಎಂದ ಮಗ, ಸ್ವಲ್ಪ ಬಿಗುವಾಗಿ. "ಪೈಪು ಹೊಸದು ಹಾಕ್ತೀನಿ, ಸೋರದಂಗ ನೋಡ್ಕೋತೀನಿ. ಸೋರಲಿಲ್ಲ ಅಂದ್ರ ಮುಗೀತಲ್ಲ?"

ಮುಗಿಯಲಿಲ್ಲ. ಸೋರದೆ, ಚೆಂದಾಗಿ ಉರಿಯುವ ಒಲೆಯೂ ಮುಚ್ಚಿದ ಗಾಡಿಯಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ಅದು ನಾವು ಉಸಿರಾಡುವ ಗಾಳಿಯನ್ನೇ ತಿಂದು ಉರಿಯುತ್ತದೆ. ಗಾಳಿ ಸಾಲದಾದಾಗ ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಯಾರೂ ವಾಸನೆ ಬೆರೆಸಿಯೂ ಇರುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಅದನ್ನು 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಮಂಪರು. ಪ್ರಯಾಣದಲ್ಲಿ ಇವು ಮೂರೂ ಬಂದರೆ ನಮ್ಮವರು ಏನೆನ್ನುತ್ತಾರೆ? "ಗಾಡಿ ಹಿಡಿಸಲಿಲ್ಲ, ಜರ ಮಲಕೋ" ಎನ್ನುತ್ತಾರೆ. ನಿಂಬೆಹಣ್ಣು ಕೈಗೆ ಕೊಟ್ಟು, ಗಾಳಿ ಬಡಿಯದಿರಲಿ ಎಂದು ಕಿಟಕಿ ಇನ್ನೂ ಬಿಗಿಯಾಗಿ ಎಳೆಯುತ್ತಾರೆ. ಅಲ್ಲಿ ಬೇಕಾದದ್ದು ಗಾಳಿಯೇ.

2024ರ ಡಿಸೆಂಬರ್ 23ರಂದು ಕೇರಳದ ವಡಕರದಲ್ಲಿ ರಸ್ತೆ ಬದಿಗೆ ನಿಂತ ಕ್ಯಾರವಾನಿನಲ್ಲಿ ಇಬ್ಬರು ಸತ್ತು ಬಿದ್ದಿದ್ದರು. ಅದು ನಮ್ಮ ಟೆಂಪೋದಂಥದಲ್ಲ, ಮಂಚ, ಏಸಿ ಎಲ್ಲ ಇದ್ದ ಚೆಂದದ ಗಾಡಿ. ಬೆಂಕಿಯ ಗುರುತಿಲ್ಲ, ಗಾಯವಿಲ್ಲ. ಗಾಡಿಯ ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೋನಾಕ್ಸೈಡ್ ಒಳಗೆ ಸೇರಿತ್ತೆಂದು ಆಮೇಲೆ ಪರೀಕ್ಷಿಸಿದ ತಜ್ಞರು ಕಂಡುಕೊಂಡರು. ಅದಕ್ಕೂ ಮೊದಲು, 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟಿನಲ್ಲಿ ಕೇರಳದ ಪ್ರವಾಸಿಗರು ಚಳಿಗೆ ಗ್ಯಾಸ್ ಹೀಟರ್ ಹಚ್ಚಿ, ಕಿಟಕಿ ಬಾಗಿಲು ಮುಚ್ಚಿ ಮಲಗಿದರು. ನಾಲ್ಕು ಮಕ್ಕಳು ಸೇರಿ ಎಂಟು ಜನ ಬೆಳಿಗ್ಗೆ ಏಳಲಿಲ್ಲ. ಹೀಟರ್ ಕೆಟ್ಟಿರಬೇಕೆಂದೇನೂ ಇಲ್ಲ. ಕೋಣೆ ಮುಚ್ಚಿತ್ತು, ಅಷ್ಟೇ.

"ರಾಮೇಶ್ವರದಾಗ ಎಲ್ಲೈತ್ರೀ ಚಳಿ?" ಎಂದರು ಮಾಮಾ.

"ಚಳಿ ಇಲ್ಲಂದ್ರ ಸೊಳ್ಳಿ ಅದಾವಲ್ಲ," ಅತ್ತಿ ಬಾಗಿಲಿಗೇ ಬಂದು ನಿಂತರು. "ಕಿಡಕಿ ಹಾಕೋದು ಹಾಕೋದ."

ಹುಡುಗ ಸುಮ್ಮನಾಗುವವನಲ್ಲ. ಮೊಬೈಲು ತೆಗೆದು ಅಮೆರಿಕದ ಗಾಡಿಯೊಂದನ್ನು ತೋರಿಸಿದ. "ಅಲ್ಲೆ ಮಂದಿ ವರ್ಷಗಟ್ಟಲೆ ಇದರಾಗ ಇರ್ತಾರ್ರೀ. ಒಲಿ, ನೀರು ಕಾಯಿಸೋದು, ಫ್ರಿಜ್ಜು ಸೈತ ಗ್ಯಾಸಿನ ಮ್ಯಾಲ ನಡೀತಾವ."

"ಫ್ರಿಜ್ಜು ಗ್ಯಾಸಿನ ಮ್ಯಾಲ? ಬೆಂಕಿ ಹಚ್ಚಿ ತಂಪು ಮಾಡ್ತಾರೇನು?" ಮಾಮಾ ಮಗನ ಮುಖವನ್ನೂ ನನ್ನ ಮುಖವನ್ನೂ ನೋಡಿದರು.

ಮಾಡುತ್ತಾರೆ. ಉರಿಯ ಶಾಖದಿಂದ ಅಮೋನಿಯಾವನ್ನು ನೀರಿನಿಂದ ಬೇರ್ಪಡಿಸಿ, ಮತ್ತೆ ಕೂಡಿಸಿ ತಂಪು ಹುಟ್ಟಿಸುವ ಫ್ರಿಜ್ಜು ಅದು. ಮಾಮಾ ನಂಬಿದರೋ ಇಲ್ಲವೋ, ಮಾಸ್ತರ ಮಾತೆಂದು ಬಿಟ್ಟುಕೊಟ್ಟರು. ಆದರೆ ಹುಡುಗ ತೋರಿಸಿದ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಒಂದು ಮಾತು ಗೊತ್ತಾಗುತ್ತದೆ. ಅವರ ಸಿಲಿಂಡರ್ ಮಲಗುವ ಕೋಣೆಯಲ್ಲಿ ಇರುವುದೇ ಇಲ್ಲ. ಅದಕ್ಕೆ ಹೊರಬದಿಗೆ ಬಾಗಿಲಿರುವ ಬೇರೆ ಗೂಡು. ಗೂಡಿಗೂ ಒಳಗಿನ ಕೋಣೆಗೂ ಸಂದಿಲ್ಲ. ಗೂಡಿನ ತಳದಲ್ಲಿ ತೂತು, ಸೋರಿದ್ದು ರಸ್ತೆಗೆ ಇಳಿದು ಹೋಗಲಿ ಎಂದು. ಗ್ಯಾಸು ಪತ್ತೆ ಹಚ್ಚುವ ಸೈರನ್ನು ನೆಲದ ಹತ್ತಿರ ಕೂತಿರುತ್ತದೆ, ಕಾರ್ಬನ್ ಮೋನಾಕ್ಸೈಡಿಗೆ ಇನ್ನೊಂದು. ಅಡಿಗೆ ಮಾಡುವ ಮೊದಲು ಮೇಲಿನ ಕಿಂಡಿ ತೆರೆಯಿರಿ ಎಂದು ಒಲೆಯ ಹತ್ತಿರವೇ ಬರೆದಿರುತ್ತದೆ. ಒಲೆಯ ಉರಿಯಲ್ಲಿ ಕೋಣೆ ಬೆಚ್ಚಗೆ ಮಾಡಿಕೊಳ್ಳಬೇಡಿ ಎಂದೂ ಇರುತ್ತದೆ. ಪೆಟ್ರೋಲ್ ಪಂಪಿಗೆ ಹೋಗುವ ಮೊದಲು ಎಲ್ಲ ಉರಿ ಆರಿಸಿ ಗ್ಯಾಸು ಬಂದ್ ಮಾಡುತ್ತಾರೆ. ಒಂದು ಒಲೆಗೆ ಇಷ್ಟು ಪಹರೆ. ನಮ್ಮ ಹುಡುಗ ವಿಡಿಯೋದಿಂದ ಇಳಿಸಿಕೊಂಡದ್ದು ಒಲೆ ಮತ್ತು ಪರದೆ.

ಗ್ಯಾಸಿನಲ್ಲೂ ಒಂದು ವ್ಯತ್ಯಾಸವಿದೆ. ಹಿಮ ಬೀಳುವ ಅವರ ಊರುಗಳಲ್ಲಿ ಬ್ಯುಟೇನ್ ನಡೆಯುವುದಿಲ್ಲ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಅದು ಆವಿಯಾಗದೆ ಸಿಲಿಂಡರಿನಲ್ಲೇ ಕೂರುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತದೆ, ಅದಕ್ಕೇ ಅವರಿಗೆ ಪ್ರೊಪೇನ್. ನಮಗೆ ಆ ಕಷ್ಟವಿಲ್ಲ. ಮೈನಸ್ ಎಂಬುದನ್ನು ರಾಯಚೂರು ಜಿಲ್ಲೆಯ ಮಕ್ಕಳು ಗಣಿತದ ಪುಸ್ತಕದಲ್ಲಷ್ಟೇ ಕಂಡವರು. ನಮ್ಮದು ಇದಕ್ಕೆ ತಿರುವು. ಏಪ್ರಿಲ್–ಮೇ ತಿಂಗಳ ಬಿಸಿಲಿಗೆ ಗಾಜು ಏರಿಸಿ ನಿಲ್ಲಿಸಿದ ಗಾಡಿಯ ಒಳಗೆ ಕೈ ಇಡಲಾಗದ ಕಾವು. ಕಾವಿಗೆ ಸಿಲಿಂಡರಿನ ಒತ್ತಡ ಏರುತ್ತದೆ. ಉಕ್ಕು ತಡೆದೀತು, ಬಿರಿದ ರಬ್ಬರ್ ವಾಷರು, ಹಳಸಿದ ಪೈಪು ತಡೆಯಬೇಕಲ್ಲ?

ಗೋಡೆಯ ಹರಟೆಯಲ್ಲಿ ದಾರಿಹೋಕರಿಗೂ ಪಾಲು ಇರುತ್ತದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಗ್ಗರಣಿ-ಮಿರ್ಚಿ ಗಾಡಿ ಇಟ್ಟವನು ಅದೇ ಹೊತ್ತಿಗೆ ಹಾದುಹೋದವನು ನಿಂತ. "ನಾ ದಿನಾ ಗಾಡಿ ಮ್ಯಾಲ ಎಣ್ಣಿ ಕಾಸ್ತೀನಿ, ಏನೂ ಆಗಿಲ್ಲಲ್ರೀ," ಎಂದ. ಅವನ ಗಾಡಿಗೆ ನಾಲ್ಕೂ ಕಡೆ ಗೋಡೆಯೇ ಇಲ್ಲ; ತಳ್ಳುವಾಗ ಒಲೆ ಆರಿರುತ್ತದೆ; ಗ್ಯಾಸು ಸೋರಿದರೆ ಗಾಳಿ ಎತ್ತಿಕೊಂಡು ಹೋಗುತ್ತದೆ. ಅವನ ಸಿಲಿಂಡರಿನ ಬಣ್ಣವನ್ನು ಮಾತ್ರ ನಾನು ಕೇಳಲಿಲ್ಲ. ಮನೆಯ ಕೆಂಪು ಸಿಲಿಂಡರ್ ಮನೆಯ ಅಡಿಗೆಗೆ ಮಾತ್ರ ಎಂಬ ನಿಯಮ 2000ನೇ ಇಸವಿಯ ಆದೇಶದಲ್ಲೇ ಇದೆ. ವ್ಯಾಪಾರಕ್ಕೆ 19 ಕಿಲೋದ್ದು ಬೇರೆ. ಕೇಳಿದ್ದರೆ ಅವನು ನಿಲ್ಲುತ್ತಿರಲಿಲ್ಲ.

ನನಗೆ ಹೆಚ್ಚು ಚಿಂತೆ ಗುಳೆ ಹೋಗುವವರದು. ದೇವದುರ್ಗ, ಮಾನ್ವಿ ಕಡೆಯಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟ ಕುಟುಂಬದ ಗಂಟಿನಲ್ಲಿ ಹಿಟ್ಟು, ಕಾರ, ಹಾಸಿಗೆಯ ಜೊತೆ ಒಂದು ಸಣ್ಣ ಸಿಲಿಂಡರೂ ಇರುತ್ತದೆ. ಅವರ ತಗಡಿನ ಶೆಡ್ಡು ಚಕ್ರವಿಲ್ಲದ ಇಂಥದೇ ಗಾಡಿ: ಒಂದೇ ಕೋಣೆ, ಒಂದೇ ಬಾಗಿಲು, ಒಲೆಯ ಮಗ್ಗುಲಲ್ಲೇ ಕೂಸು. ಸಣ್ಣ ಸಿಲಿಂಡರಿಗೆ ದೊಡ್ಡದರಿಂದ ಪೈಪು ಹಚ್ಚಿ ಗ್ಯಾಸು ಇಳಿಸಿ ಕೊಡುವ ಕಳ್ಳ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಅಲ್ಲಿ ಹಿಗ್ಗಲು ಜಾಗ ಬಿಡುವ ಲೆಕ್ಕವಿಲ್ಲ, ಪರೀಕ್ಷೆಯ ಅಕ್ಷರವಿಲ್ಲ. ಗ್ಯಾಸ್ ಕಂಪನಿಗಳೇ 5 ಕಿಲೋದ ಸಿಲಿಂಡರನ್ನು ಗುರುತಿನ ಚೀಟಿ ಒಂದರ ಮೇಲೆ, ಊರಿನ ವಿಳಾಸ ಕೇಳದೆ ಕೊಡುತ್ತವೆ ಎಂಬುದನ್ನು ಗುಳೆ ಹೊರಟವರಿಗೆ ಹೇಳುವವರು ಬೇಕು. ಬಸ್ಸಿನಲ್ಲಿ ಹೊತ್ತೊಯ್ಯುವ ಕೆಲಸವೇ ಬೇಡ. ಹೋದ ಊರಲ್ಲೇ ಕೊಳ್ಳಬಹುದು.

"ಹಂಗಾದ್ರ ಏನ್ಮಾಡಬೇಕ್ರಿ ಸರ? ಗಾಡಿ ಮಾರಲೇನು?" ಹುಡುಗನ ದನಿಯಲ್ಲಿ ಈಗ ಬಿಗುವಿರಲಿಲ್ಲ.

ಇದಕ್ಕೆ ಉತ್ತರ ನಾನು ಕೊಡಬೇಕಾಗಿ ಬರಲಿಲ್ಲ. ಮಾಮಾ ತಮ್ಮ ಅಪ್ಪನ ಸವಾರಿ ಬಂಡಿಯ ಮಾತು ತೆಗೆದರು.

"ನಾವು ಸಣ್ಣವರಿದ್ದಾಗ ತಿಂಥಣಿ ಮೌನೇಶ್ವರನ ಜಾತ್ರಿಗೆ ಬಂಡಿ ಹೂಡ್ತಿದ್ದರು. ಮಂದಿ, ಹಾಸಿಗಿ, ಪಾತ್ರಿ, ಹಿಟ್ಟು ಎಲ್ಲಾ ಬಂಡ್ಯಾಗ. ಹೊಳಿ ದಂಡಿಗೆ ಬಂಡಿ ಬಿಟ್ಟು, ಕೊಳ್ಳ ಹರಿದು, ಎತ್ತಿಗೆ ನೀರ ಕುಡಿಸಿ, ಆಮ್ಯಾಲ ಗಾಳಿ ಯಾವ ಕಡಿ ಬೀಸತೈತಿ ನೋಡಿ, ದೂರ ಮೂರು ಕಲ್ಲ ಹೂಡ್ತಿದ್ದರು. ಬಂಡ್ಯಾಗ ಮೇವು ಇರ್ತಿತ್ತಲ್ರೀ. ಬಂಡ್ಯಾಗ ಕುಂತು ಬೀಡಿ ಹಚ್ಚಿದ್ರೂ ನಮ್ಮಪ್ಪ ಬಾರಕೋಲು ತಗೀತಿದ್ದ."

ಶ್ರೀಶೈಲದ ಪಾದಯಾತ್ರೆಯವರೂ ಹಾಗೆಯೇ. ಯುಗಾದಿಗೆ ಮುಂಚೆ ನಮ್ಮ ಕಡೆಯ ರಸ್ತೆ ತುಂಬ ಮಲ್ಲಯ್ಯನ ಹೆಸರು ಹೇಳುತ್ತ ನಡೆಯುವವರ ಹಿಂದೆ ಅಡಿಗೆ ಸಾಮಾನಿನ ಟ್ರ್ಯಾಕ್ಟರ್ ಹೋಗುತ್ತದೆ. ನಿಂತ ಊರಲ್ಲಿ ಒಲೆ ಕೆಳಗಿಳಿಯುತ್ತದೆ, ಮರದ ಬುಡದಲ್ಲಿ ಹುಗ್ಗಿ ಬೇಯುತ್ತದೆ, ಹೊರಡುವಾಗ ಒಲೆ ಆರಿ ಮೇಲೇರುತ್ತದೆ. ಮುಂದೆ ಆತ್ಮಕೂರು ದಾಟಿ ನಲ್ಲಮಲದ ಅಡವಿ ಹೊಕ್ಕು ಭೀಮನ ಕೊಳ್ಳ ಇಳಿಯುವಾಗ ಟ್ರ್ಯಾಕ್ಟರೂ ಇಲ್ಲ, ಒಲೆಯೂ ಇಲ್ಲ. ಒಣಗಿದ ಎಲೆಯ ಕಾಡಿನಲ್ಲಿ ಇರಲೂಬಾರದು. ಅಲ್ಲಿ ದಾಸೋಹದವರ ಅನ್ನ, ಇಲ್ಲವೇ ಕಟ್ಟಿಕೊಂಡ ಬುತ್ತಿ. ಇದನ್ನು ಯಾರೂ ಸುರಕ್ಷತೆಯ ಪಾಠವೆಂದು ಕಲಿತಿಲ್ಲ. ಗಾಡಿ ನಡೆಯುವಾಗ ಒಲೆ ಇಲ್ಲ, ಒಲೆ ಉರಿಯುವಾಗ ಗಾಡಿಯಲ್ಲಿ ಯಾರೂ ಇಲ್ಲ. ನಾನು ಗೋಡೆಯ ಮೇಲೆ ಬರೆದ ಲೆಕ್ಕವೆಲ್ಲ ಸೇರಿ ಕೊನೆಗೆ ಬರುವ ಉತ್ತರವೂ ಇದೇ.

ಆಮೇಲೆ ಮೂವರೂ ಕೂತು ಗಾಡಿಯನ್ನು ಇನ್ನೊಮ್ಮೆ ಕಟ್ಟಿದೆವು, ಮಾತಿನಲ್ಲೇ. ಒಲೆ ಒಳಗೆ ಬೇಡ. ಹಿಂದಿನ ಬಾಗಿಲಲ್ಲಿ ಎಳೆದರೆ ಹೊರಗೆ ಬರುವ ಹಲಗೆಯ ಮೇಲೆ ಇರಲಿ, ನಿಂತು ಬೇಯಿಸುವವರು ನೆಲದ ಮೇಲೆ ನಿಲ್ಲಲಿ. ಸಿಲಿಂಡರ್ 5 ಕಿಲೋದ್ದು ಸಾಕು. ಅದಕ್ಕೆ ಹೊರಗಿನಿಂದ ತೆರೆಯುವ ತಗಡಿನ ಗೂಡು, ತಳದಲ್ಲಿ ತೂತು, ಒಳಗಿನ ಸಂದೆಲ್ಲ ಮುಚ್ಚಿರಬೇಕು. ಸಿಲಿಂಡರ್ ನೆಟ್ಟಗೆ ನಿಂತು ಪಟ್ಟಿ ಬಿಗಿದುಕೊಂಡಿರಬೇಕು. ಮಲಗಿಸಿದರೆ ಆವಿ ಬರುವ ಬಾಯಿಗೆ ದ್ರವವೇ ಬಂದು ನಿಲ್ಲುತ್ತದೆ, ಒಂದಕ್ಕೆ 250 ಆಗುವ ದ್ರವ. ಪೈಪು ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ್ದು, ಐದು ವರ್ಷಕ್ಕೆ ಬದಲಿ. ಗಾಡಿ ಕುಲುಕುವುದರಿಂದ ಅದಕ್ಕೂ ಮೊದಲೇ ನೋಡಿಕೊಳ್ಳಬೇಕು. ಜೋಡಣೆಗೆ ಸಾಬೂನಿನ ನೊರೆ ಹಚ್ಚಿದರೆ ಗುಳ್ಳೆ ಎದ್ದಲ್ಲಿ ಸೋರಿಕೆ. ಕಡ್ಡಿ ಗೀರಿ ನೋಡುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರನ್ನು ಗೂಡಿನ ಹತ್ತಿರ ಬಿಡಬಾರದು. ಬಾಗಿಲ ಹತ್ತಿರ ಒಂದು ಪೌಡರಿನ ಅಗ್ನಿಶಾಮಕ. ಅಡಿಗೆ ಮುಗಿದಾಗ ಮೊದಲು ರೆಗ್ಯುಲೇಟರ್ ಬಂದ್, ಪೈಪಿನಲ್ಲಿ ಉಳಿದದ್ದು ಉರಿದು ಆರಲಿ, ಆಮೇಲೆ ಒಲೆಯ ಗುಂಡಿ. ಹೊರಡುವ ಮೊದಲು ರೆಗ್ಯುಲೇಟರ್ ಬಿಚ್ಚಿ, ದಾರ ಕಟ್ಟಿದ ಬಿಳಿ ಮುಚ್ಚಳ ಒತ್ತಬೇಕು.

"ಇನ್ನೊಂದೈತಿ," ಎಂದೆ. "ಗಾಡಿ ರೂಪ ಬದಲು ಮಾಡಾಕ ಆರ್‌ಟಿಓ ಒಪ್ಪಿಗಿ ಬೇಕಪಾ. 1988ರ ಮೋಟಾರು ಕಾಯ್ದೆದಾಗ 52ನೇ ಕಲಂ."

"ಮತ್ತ ರಾಯಚೂರಿಗೆ ಅಡ್ಡಾಡಬೇಕೇನ್ರೀ?" ಹುಡುಗ ನೆತ್ತಿ ಕೆರೆದುಕೊಂಡ. ಗ್ಯಾಸಿನ ಯಾವ ಮಾತಿಗೂ ಅವನ ಮುಖ ಅಷ್ಟು ಬಾಡಿರಲಿಲ್ಲ.

ಅತ್ತಿ ಅಷ್ಟೂ ಹೊತ್ತು ಕೇಳಿಸಿಕೊಳ್ಳುತ್ತಲೇ ಇದ್ದವರು ಈಗ ಗೋಡೆಯ ಹತ್ತಿರಕ್ಕೇ ಬಂದರು. "ಒಲಿ ಎಲ್ಲಿಡೋದು, ಸಿಲಿಂಡರ್ ಎಲ್ಲಿಡೋದು ಎಲ್ಲಾ ಮಾತಾಡಿದ್ರಿ. ಅಡಗಿ ಯಾರು ಮಾಡೋರು ಅಂತ ಒಬ್ಬರೂ ಕೇಳಲಿಲ್ಲಲ್ರೀ?"

ಮಾಮಾ ಆಕಾಶ ನೋಡಿದರು. ಮಗ ಮೊಬೈಲು ನೋಡಿದ. ನಾನು ಗೋಡೆಯ ಲೆಕ್ಕವನ್ನು ಅಳಿಸಲು ನೀರು ಹುಡುಕಿದೆ.

"ನಾ ಹೇಳ್ತೀನಿ ಕೇಳ್ರಿ. ಕಡಕ್ ರೊಟ್ಟಿ ಬಡೀತೀನಿ, ತಿಂಗಳಿಟ್ರೂ ಕೆಡಂಗಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಂಡಿ ಕಟ್ಕೋತೀನಿ. ಮಸರು, ಉಳ್ಳಾಗಡ್ಡಿ ಎಲ್ಲಾ ಊರಾಗೂ ಸಿಗತಾವ. ಹಸಿವಾದವ್ರು ಕೈ ತೊಳಕೊಂಡು ಉಣ್ರಿ. ಯಾತ್ರಿಗೆ ಹೊಂಟೀನಿ, ಅಲ್ಲೂ ಒಲಿ ಮುಂದ ಕೂಡಾಕಲ್ಲ."

"ಚಾ ಬೇ?" ಎಂದ ಮಗ, ಮೆಲ್ಲಗೆ.

"ಚಾ ಮಾಡೋಣು. ಆದ್ರ ಗಾಡಿ ಕೀಲಿ ನಿನ್ನ ಕೈಯಾಗ ಇದ್ರ ರೆಗ್ಯುಲೇಟರ್ ನನ್ನ ಚೀಲದಾಗ ಇರತೈತಿ. ಗಾಡಿ ನಿಲ್ಲಿಸಿ, ಎಲ್ಲಾರೂ ಕೆಳಗಿಳಿದು ಬಂದು ಕೇಳ್ರಿ, ಆವಾಗ ತಗೀತೀನಿ."

ಮಾಮಾ ಮಗನ ಕಡೆ ತಿರುಗಿದರು: "ಬರಕೋಳೋ, ಇದು ಆರ್‌ಟಿಓ ಒಪ್ಪಿಗಿಗಿಂತ ದೊಡ್ಡದು."